ಅಳಿಸುವ ಮುನ್ನ ಆಲೋಚನೆ ಇರಲಿ

ಬೇಲೂರಿನಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನನು 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಾಗ ದೇವಾಲಯಕ್ಕೆ ಬಿಟ್ಟ ದತ್ತಿಗಳ ವಿವರವನ್ನು ಕಲ್ಲಿನಲ್ಲಿ ಕೆತ್ತಿಸಲಾಯಿತು. ಒಂಬತ್ತು ಶತಮಾನಗಳ ನಂತರವೂ ಆ ಲೆಕ್ಕವನ್ನು ಓದಬಹುದು. ಇಂದಿನ ವರ್ತಕರ ಲೆಕ್ಕವಾದರೋ ಗಣಕಯಂತ್ರದ ದತ್ತಸಂಚಯದಲ್ಲಿದೆ. ಅಲ್ಲಿನ ಸಾವಿರಾರು ಸಾಲುಗಳು ಅಳಿಯಲು ಒಂದು ಕ್ಷಣ ಸಾಕು.

ಅರಸೀಕೆರೆಯ ಕೊಬ್ಬರಿ ಮಂಡಿಯಾಗಲಿ, ಬೇಲೂರಿನ ಕಾಫಿ, ಮೆಣಸಿನ ವ್ಯಾಪಾರವಾಗಲಿ, ತಮ್ಮ ಅಗತ್ಯಕ್ಕೆ ತಕ್ಕಂತೆ ತಂತ್ರಾಂಶ ಬರೆಸಿಕೊಂಡ ವರ್ತಕರು ಈ ಅಪಾಯವನ್ನು ಅರಿಯಬೇಕು. ಪಿಎಚ್‌ಪಿಯಂತಹ ಭಾಷೆಯಲ್ಲಿ ಬರೆದ ಪುಟ್ಟ ಫಂಕ್ಷನ್ ಒಂದು ದತ್ತಸಂಚಯಕ್ಕೆ 'ಡಿಲೀಟ್' ಆದೇಶ ನೀಡುತ್ತದೆ. ಯಾವ ಸಾಲು ಅಳಿಯಬೇಕೆಂಬುದನ್ನು 'ವೇರ್' ಎಂಬ ಷರತ್ತು ನಿರ್ಧರಿಸುತ್ತದೆ. ಆ ಷರತ್ತು ಬಿಟ್ಟುಹೋದರೆ ಕೋಷ್ಟಕದ ಎಲ್ಲ ಸಾಲುಗಳೂ ಅಳಿಯುತ್ತವೆ. ಆದೇಶ ವ್ಯಾಕರಣಬದ್ಧವಾಗಿರುವುದರಿಂದ ಯಂತ್ರವು ಅದನ್ನು ದೋಷವೆಂದು ಎಣಿಸುವುದಿಲ್ಲ. ರೈತನಿಗೆ ಕೊಡಬೇಕಾದ ಬಾಕಿ, ಗಿರಾಕಿಯಿಂದ ಬರಬೇಕಾದ ಹಣ ಎರಡಕ್ಕೂ ಆಧಾರವಿಲ್ಲದಂತಾಗುತ್ತದೆ.

ಕಾನೂನೂ ಇದನ್ನು ಲಘುವಾಗಿ ಕಾಣುವುದಿಲ್ಲ. ಜಿಎಸ್‌ಟಿ ನಿಯಮ 56ರ ಪ್ರಕಾರ ಲೆಕ್ಕದ ನಮೂದುಗಳನ್ನು ಅಳಿಸುವಂತಿಲ್ಲ. ಗಣಕದಲ್ಲಿ ತಿದ್ದಿದ ಅಥವಾ ತೆಗೆದ ಪ್ರತಿಯೊಂದು ನಮೂದಿಗೂ ದಾಖಲೆ ಇರಬೇಕು. ವಾರ್ಷಿಕ ವಿವರಣಾಪತ್ರದ ಅಂತಿಮ ದಿನದಿಂದ 72 ತಿಂಗಳು ಲೆಕ್ಕ ಕಾಪಾಡಬೇಕು. ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಬದಲಾವಣೆಗಳ ಜಾಡು ಉಳಿಯುವುದು 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ.

ಹಳೆಯ ಸಾಲುಗಳು ಬೆಳೆದಷ್ಟೂ ಕೆಲಸ ನಿಧಾನವಾಗುತ್ತದೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಅವುಗಳನ್ನು ಪ್ರತ್ಯೇಕ ಕೋಷ್ಟಕಕ್ಕೆ ವರ್ಗಾಯಿಸಿದರೆ ಸಾಕು. ಗಿರಾಕಿಗಳ ಖಾಸಗಿ ವಿವರಗಳ ಮಾತು ಬೇರೆ: ಉದ್ದೇಶ ತೀರಿದ ಮೇಲೆ, ಬೇರೆ ಕಾನೂನಿನ ಅಗತ್ಯವಿಲ್ಲದಿದ್ದರೆ, ಅವುಗಳನ್ನು ಅಳಿಸಬೇಕೆಂಬುದೇ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯ.

ಆದ್ದರಿಂದ ವರ್ತಕರು ತಂತ್ರಜ್ಞರಿಂದ ಕೆಲವು ಏರ್ಪಾಡುಗಳನ್ನು ಕೇಳಿ ಪಡೆಯಬೇಕು. ತಪ್ಪು ಬಿಲ್ಲನ್ನು ಅಳಿಸುವ ಬದಲು 'ರದ್ದು' ಎಂದು ಗುರುತಿಸಿ, ದಿನಾಂಕ ಮತ್ತು ರದ್ದುಪಡಿಸಿದವರ ಹೆಸರು ದಾಖಲಾಗಬೇಕು. ಅಳಿಸಲೇಬೇಕಾದಲ್ಲಿ, ಅದೇ ಷರತ್ತಿನಿಂದ ಎಷ್ಟು ಸಾಲುಗಳು ಸಿಗುತ್ತವೆಂದು ಮೊದಲು ಎಣಿಸಬೇಕು. ಅಳಿದ ಸಂಖ್ಯೆ ಅದಕ್ಕೆ ತಾಳೆಯಾಗದಿದ್ದರೆ ಇಡೀ ವ್ಯವಹಾರ ಹಿಂದಿನ ಸ್ಥಿತಿಗೆ ಮರಳುವಂತಿರಬೇಕು. ಬಳಕೆದಾರರು ಟೈಪಿಸಿದ್ದನ್ನು ನೇರವಾಗಿ ಆದೇಶಕ್ಕೆ ಜೋಡಿಸಬಾರದು. ಹಾಗೆ ಮಾಡಿದರೆ ಕಿಡಿಗೇಡಿಗಳು ಷರತ್ತನ್ನೇ ಬದಲಿಸಬಲ್ಲರು. ಅಳಿಸುವ ಅಧಿಕಾರ ಎಲ್ಲರಿಗೂ ಇರಬಾರದು. ನಿತ್ಯ ತೆಗೆಯುವ ಬ್ಯಾಕಪ್‌ನಿಂದ ಲೆಕ್ಕ ಮರಳಿ ಬರುತ್ತದೆಯೇ ಎಂದು ಆಗಾಗ ಪರೀಕ್ಷಿಸಬೇಕು.

ಹಿಂದೆ ಕಿರ್ದಿ ಬರೆಯುತ್ತಿದ್ದ ಗುಮಾಸ್ತರು ತಪ್ಪಾದ ಅಂಕಿಯನ್ನು ಕೆರೆದು ತೆಗೆಯುತ್ತಿರಲಿಲ್ಲ. ಓದಲು ಬರುವಂತೆ ಗೆರೆ ಎಳೆದು, ಸರಿಯಾದುದನ್ನು ಬರೆದು ಸಹಿ ಹಾಕುತ್ತಿದ್ದರು. ಗಣಕಯಂತ್ರಕ್ಕೂ ಆ ಶಿಸ್ತನ್ನೇ ಕಲಿಸಬೇಕಾಗಿದೆ.