ಸೌರದೀಪದ ಪರೀಕ್ಷೆ ಆಟಿಯಲ್ಲಿ ನಡೆಯಲಿ

ನಮ್ಮ ಕಾಲೇಜಿನಿಂದ ಮುಖ್ಯರಸ್ತೆಗೆ ಇಳಿಯುವ ದಾರಿಯ ತಿರುವಿನಲ್ಲಿ ಸೌರದೀಪದ ಕಂಬವೊಂದಿದೆ. ಅದನ್ನು ನಿಲ್ಲಿಸಿದ್ದು ಬೇಸಗೆಯಲ್ಲಿ. ಆ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಮುಸ್ಸಂಜೆಯಾಗುತ್ತಲೇ ತಾನಾಗಿ ಹೊತ್ತಿಕೊಂಡು ಬೆಳಗಿನವರೆಗೂ ಉರಿಯುತ್ತಿದ್ದ ಆ ದೀಪವನ್ನು ಕಂಡು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಜೂನಿನಲ್ಲಿ ಮಳೆ ಹಿಡಿಯಿತು. ಮೊದಲು ಹತ್ತು ಗಂಟೆಗೆ ಆರತೊಡಗಿದ ದೀಪ ಆಮೇಲೆ ಎಂಟಕ್ಕೇ ಆರಿತು. ಆಟಿ ತಿಂಗಳು ಕಾಲಿಡುವಷ್ಟರಲ್ಲಿ ಹೊತ್ತುವುದನ್ನೇ ಬಿಟ್ಟಿತು. ಮರುವರ್ಷದ ಬಿಸಿಲು ಕೂಡ ಅದನ್ನು ಎಬ್ಬಿಸಲಿಲ್ಲ. ಯಕ್ಷಗಾನದ ಅಭ್ಯಾಸ ಮುಗಿಸಿ ರಾತ್ರಿಯ ಬಸ್ಸಿಗೆ ಇಳಿಯುವ ವಿದ್ಯಾರ್ಥಿನಿಯರು ಈಗ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಮೊಬೈಲಿನ ಬೆಳಕು ಹಿಡಿದು, ಒಬ್ಬರನ್ನೊಬ್ಬರು ಕೂಗಿಕೊಳ್ಳುತ್ತ ಆ ತಿರುವನ್ನು ದಾಟುತ್ತಾರೆ. ಅಲ್ಲಿಗೊಂದು ದೀಪ ಬೇಕೆಂದು ಕೇಳಲು ಹೋದರೆ, ‘ಅಲ್ಲಿ ಈಗಾಗಲೇ ದೀಪವಿದೆಯಲ್ಲ’ ಎಂಬ ಉತ್ತರ ದೊರೆಯುತ್ತದೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಕೇಳಿದ್ದೆವು; ಇಲ್ಲಿ ದೀಪವಿದೆ ಎಂಬ ಲೆಕ್ಕವೇ ಕತ್ತಲೆಯನ್ನು ಕಾಯುತ್ತಿದೆ.

ಸೌರಶಕ್ತಿಯನ್ನು ಅಲ್ಲಗಳೆಯಲು ಇದನ್ನು ಬರೆಯುತ್ತಿಲ್ಲ. ನಗರಗಳ ಬೀದಿಗಳಲ್ಲಿ ಸೌರದೀಪಗಳನ್ನು ಪ್ರಾಯೋಗಿಕವಾಗಿ ಅಳವಡಿಸಿ ನೋಡುವುದು ಒಳ್ಳೆಯ ಕೆಲಸ. ಆದರೆ ‘ಪ್ರಯೋಗ’ ಎಂಬ ಮಾತಿಗೆ ಒಂದು ಹೊಣೆಯಿದೆ. ಸೋಲುವ ಸಾಧ್ಯತೆಯೇ ಇಲ್ಲದ ಪರೀಕ್ಷೆ ಪರೀಕ್ಷೆಯಲ್ಲ, ಅದು ಉದ್ಘಾಟನೆಯ ಮುಂದುವರಿಕೆ ಮಾತ್ರ. ಕಾಸರಗೋಡಿನಂಥ ಊರಿನಲ್ಲಿ ಸೌರ ಬೀದಿದೀಪವನ್ನು ಬೇಸಗೆಯಲ್ಲಿ ಪರೀಕ್ಷಿಸುವುದೆಂದರೆ, ಈಜು ಬಲ್ಲನೋ ಇಲ್ಲವೋ ಎಂಬುದನ್ನು ಒಣಗಿದ ಹೊಳೆಯಲ್ಲಿ ನೋಡಿದಂತೆ.

ಈ ಮಾತಿಗೆ ಲೆಕ್ಕದ ಆಧಾರವಿದೆ. ಸೌರದೀಪದ ಕಂಬವೊಂದು ಪುಟ್ಟ ಸಂಸಾರದಂತೆ. ಹಗಲಿನಲ್ಲಿ ಫಲಕ ದುಡಿಯುತ್ತದೆ, ಬ್ಯಾಟರಿ ಕೂಡಿಡುತ್ತದೆ, ರಾತ್ರಿ ದೀಪ ಖರ್ಚು ಮಾಡುತ್ತದೆ, ನಡುವೆ ಒಂದು ನಿಯಂತ್ರಕ ಯಜಮಾನಿಕೆ ನಡೆಸುತ್ತದೆ. ಉದಾಹರಣೆಗೆ, 12 ವಾಟಿನ ಎಲ್‌ಇಡಿ ದೀಪ ರಾತ್ರಿಯಿಡೀ ಹನ್ನೆರಡು ಗಂಟೆ ಉರಿಯಲು 144 ವಾಟ್-ಗಂಟೆಯ ಶಕ್ತಿ ಬೇಕು. ಅದಕ್ಕೆ 75 ವಾಟಿನ ಫಲಕವನ್ನೂ, 12.8 ವೋಲ್ಟಿನ 30 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿಯನ್ನೂ ಜೋಡಿಸಿದ್ದಾರೆ ಎಂದಿಟ್ಟುಕೊಳ್ಳೋಣ. ಬೇಸಗೆಯಲ್ಲಿ ದಿನಕ್ಕೆ ಐದು ಗಂಟೆಗಳ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಬಿದ್ದರೆ, ಶೇಕಡಾ 30ರಷ್ಟನ್ನು ನಷ್ಟವೆಂದು ಕಳೆದರೂ ಸುಮಾರು 260 ವಾಟ್-ಗಂಟೆ ಕೈಗೆ ಸಿಗುತ್ತದೆ. ಗಳಿಕೆ ಖರ್ಚನ್ನು ಮೀರುತ್ತದೆ, ದೀಪ ಬೆಳಗುತ್ತದೆ, ಪರೀಕ್ಷಕರು ಮೆಚ್ಚುತ್ತಾರೆ.

ಈಗ ಮಳೆಗಾಲದ ಲೆಕ್ಕ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಮೋಡ ಕವಿದ ದಿನ ಪೂರ್ಣ ಬಿಸಿಲಿನ ಒಂದೂವರೆ ಗಂಟೆಗೆ ಸಮನಾದ ಬೆಳಕು ಮಾತ್ರ ಸಿಕ್ಕಿತೆನ್ನಿ. ಆಗ ಗಳಿಕೆ ಸುಮಾರು 80 ವಾಟ್-ಗಂಟೆಗೆ ಇಳಿಯುತ್ತದೆ, ಖರ್ಚು ಮಾತ್ರ 144ರಲ್ಲೇ ನಿಲ್ಲುತ್ತದೆ. ತುಂಬಿದ ಬ್ಯಾಟರಿಯಲ್ಲಿರುವುದು 384 ವಾಟ್-ಗಂಟೆ. ದಿನಕ್ಕೆ ಅರುವತ್ತು ಚಿಲ್ಲರೆಯ ಸಾಲ ಮಾಡುತ್ತ ಹೋದರೆ ಆರನೆಯ ರಾತ್ರಿಗೆ ಭಂಡಾರ ಬರಿದು. ಮೂರು ದಿನ ಬಿಸಿಲಿಲ್ಲದಿದ್ದರೂ ಉರಿಯುವ ದೀಪವೆಂದು ಹೊಗಳಿ ಮಾರಬಹುದು. ಆದರೆ ಬಿಡದೆ ಹಿಡಿಯುವ ಆಟಿಯ ಮಳೆ ಮೂರು ದಿನಕ್ಕೆ ನಿಲ್ಲುವಂಥದ್ದಲ್ಲ. ಮತ್ತೆ ಮತ್ತೆ ಬರಿದಾಗಿ ಹಾಗೆಯೇ ಉಳಿದ ಬ್ಯಾಟರಿಯ ಆಯುಷ್ಯವೂ ಕುಗ್ಗುತ್ತದೆ. ನಮ್ಮ ತಿರುವಿನ ಕಂಬ ಮರುವರ್ಷ ಏಳದೆ ಹೋದುದಕ್ಕೆ ಇದೇ ಕಾರಣವಿರಬೇಕು.

ಇದು ಬಯಲಿನಲ್ಲಿ ನಿಂತ ಕಂಬದ ಲೆಕ್ಕ. ನಮ್ಮ ಬೀದಿಗಳೋ ತೆಂಗು, ಮಾವು, ಹಲಸುಗಳ ನೆರಳಿನಲ್ಲಿವೆ. ಫಲಕದ ಒಂದು ಮೂಲೆಗೆ ಬಿದ್ದ ಗರಿಯ ನೆರಳೂ ಗಳಿಕೆಯನ್ನು ಬಹಳವಾಗಿ ತಗ್ಗಿಸಬಲ್ಲದು. ಮಳೆಗಾಲದಲ್ಲಿ ಪಾಚಿ, ಬೇಸಗೆಯಲ್ಲಿ ಧೂಳು, ವರ್ಷವಿಡೀ ಕಾಗೆಗಳ ಹಿಕ್ಕೆ. ಕಡಲಿನ ಉಪ್ಪುಗಾಳಿಗೆ ಕಬ್ಬಿಣದ ತಿರುಪು, ತಂತಿಯ ತುದಿಗಳು ತುಕ್ಕು ಹಿಡಿಯುತ್ತವೆ. ಒಳನಾಡಿನ ಒಣ ಬಯಲಿನಲ್ಲಿ ಗೆದ್ದ ದೀಪ ಕರಾವಳಿಯಲ್ಲಿಯೂ ಗೆಲ್ಲುವುದೆಂದು ನಂಬಲು ಆಧಾರವಿಲ್ಲ. ಆದುದರಿಂದಲೇ ಪರೀಕ್ಷೆ ಇಲ್ಲಿಯೇ, ಈ ಮರಗಳ ಕೆಳಗೆಯೇ, ಈ ಮಳೆಯಲ್ಲಿಯೇ ನಡೆಯಬೇಕು.

ಸೌರಶಕ್ತಿಯನ್ನು ಬಳಸಲು ಪ್ರತಿ ಕಂಬದ ತಲೆಯ ಮೇಲೂ ಫಲಕ ಕೂರಿಸಬೇಕೆಂದಿಲ್ಲ ಎಂಬುದನ್ನೂ ನೆನೆಯಬೇಕು. ನಮ್ಮ ಜಿಲ್ಲೆಯ ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ 250 ಎಕರೆ ಭೂಮಿಯಲ್ಲಿ ಹಬ್ಬಿದ 50 ಮೆಗಾವಾಟಿನ ಸೌರಸ್ಥಾವರ 2021ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡಿತು. ಕೊಚ್ಚಿಯ ವಿಮಾನನಿಲ್ದಾಣ 2015ರಿಂದ ತನ್ನ ಸೌರಸ್ಥಾವರದ ಬಲದಿಂದ ನಡೆಯುತ್ತಿದೆ. ಹಗಲು ಉಳಿದ ವಿದ್ಯುತ್ತನ್ನು ರಾಜ್ಯದ ಜಾಲಕ್ಕೆ ಕೊಟ್ಟು, ರಾತ್ರಿ ಬೇಕಾದುದನ್ನು ಮರಳಿ ಪಡೆಯುತ್ತದೆ. ಅಲ್ಲಿ ವಿದ್ಯುತ್ ಜಾಲವೇ ಬ್ಯಾಟರಿ. ಇನ್ನೊಂದೆಡೆ, ಸ್ಥಳೀಯಾಡಳಿತ ಸಂಸ್ಥೆಗಳ ಬೀದಿದೀಪಗಳನ್ನು ಎಲ್‌ಇಡಿಗೆ ಬದಲಾಯಿಸುವ ಯೋಜನೆಗೆ ಕೇರಳ ಸರಕಾರ ‘ನಿಲಾವ್’, ಅಂದರೆ ಬೆಳದಿಂಗಳು, ಎಂಬ ಚೆಂದದ ಹೆಸರಿಟ್ಟಿದೆ. ಕಚೇರಿಗಳ ಮಾಡಿನ ಮೇಲೆ ಫಲಕ, ಬೀದಿಯಲ್ಲಿ ತಂತಿಗೆ ಸೇರಿದ ಎಲ್‌ಇಡಿ ದೀಪ ಎಂಬ ಏರ್ಪಾಡು ಒಂಟಿ ಕಂಬಗಳಿಗಿಂತ ಮೇಲಾಗಬಹುದೇ ಎಂಬ ಪ್ರಶ್ನೆಯನ್ನು ಪರೀಕ್ಷೆಯ ಮೊದಲೇ ಕೇಳಬೇಕು.

ಇದಕ್ಕೆ ಪ್ರತಿವಾದವೂ ಉಂಟು, ಅದು ಹಗುರವಾದುದಲ್ಲ. ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದು ಊರಿಗೆ ಊರೇ ಕತ್ತಲಲ್ಲಿ ಮುಳುಗಿದ ರಾತ್ರಿಗಳನ್ನು ನಾವೆಲ್ಲ ಕಂಡಿದ್ದೇವೆ. ಅಂಥ ಹೊತ್ತಿನಲ್ಲಿ ತಂತಿಯ ಹಂಗಿಲ್ಲದ ದೀಪವೊಂದೇ ದಾರಿ ತೋರಬಲ್ಲದು. ಆಸ್ಪತ್ರೆಯ ಬಾಗಿಲು, ಬಸ್ ತಂಗುದಾಣ, ಸೇತುವೆಯ ತುದಿ, ಇಂಥ ಕಡೆ ಅದರ ಬೆಲೆ ಹಣದಲ್ಲಿ ಅಳೆಯುವಂಥದ್ದಲ್ಲ. ಆದರೆ ಆ ರಾತ್ರಿಗೆ ಅದು ಉರಿಯುವಂತಿರಬೇಕಷ್ಟೆ. ತಂತಿಯೂ ಕೈಕೊಟ್ಟು ಬ್ಯಾಟರಿಯೂ ಬರಿದಾದರೆ ಎರಡು ಖರ್ಚಿನ ಒಂದು ಕತ್ತಲೆ ನಮ್ಮ ಪಾಲಿಗೆ ಉಳಿಯುತ್ತದೆ.

ಆದುದರಿಂದ ನನ್ನ ಸೂಚನೆ ಇಷ್ಟು. ಪರೀಕ್ಷೆ ಮೇ ತಿಂಗಳ ಕೊನೆಗೆ ಆರಂಭವಾಗಿ ಒಂದು ವರ್ಷ ಪೂರ್ತಿ ನಡೆಯಲಿ. ಒಂದೇ ಬೀದಿಯಲ್ಲಿ ಹತ್ತು ಸೌರದೀಪಗಳೂ ತಂತಿಯ ಹತ್ತು ಎಲ್‌ಇಡಿ ದೀಪಗಳೂ ಅಕ್ಕಪಕ್ಕ ನಿಲ್ಲಲಿ. ಎಷ್ಟು ದೀಪ ಹಾಕಿದೆವು ಎಂಬುದರ ಬದಲು, ಯಾವ ದೀಪ ಎಷ್ಟು ಗಂಟೆ ಕತ್ತಲಲ್ಲಿತ್ತು ಎಂಬುದು ಬರೆದಿಡುವ ಅಂಕಿಯಾಗಲಿ. ಫಲಕವನ್ನು ಯಾರು, ಯಾವಾಗ ಒರಸಬೇಕು, ಬ್ಯಾಟರಿ ಕೆಟ್ಟರೆ ಎಷ್ಟು ದಿನದೊಳಗೆ ಬದಲಾಯಿಸಬೇಕು ಎಂಬುದು ಕರಾರಿನಲ್ಲಿಯೇ ಇರಲಿ. ಹಣದ ಕೊನೆಯ ಕಂತು ಎರಡನೆಯ ಮಳೆಗಾಲ ಕಳೆದ ಮೇಲೆ ಸಂದಾಯವಾಗಲಿ. ಪ್ರತಿ ಕಂಬಕ್ಕೂ ಒಂದು ಸಂಖ್ಯೆ, ದೂರು ಕೊಡುವ ಫೋನ್ ನಂಬರು, ಅಳವಡಿಸಿದ ದಿನಾಂಕ ಮಲಯಾಳದಲ್ಲಿಯೂ ಕನ್ನಡದಲ್ಲಿಯೂ ಕಾಣಲಿ. ಓದಲಾಗದ ಫಲಕದ ಮುಂದೆ ನಿಂತ ಅಜ್ಜಿಗೆ ದೂರು ಕೊಡುವ ಹಕ್ಕಿದ್ದೂ ಇಲ್ಲದಂತೆ. ಗಡಿನಾಡಿನ ಕನ್ನಡಿಗರು ಭಾಷೆಯ ಹಕ್ಕನ್ನು ಕೇಳುವುದು ಅಭಿಮಾನಕ್ಕಾಗಿ ಮಾತ್ರವಲ್ಲ, ಇಂಥ ದಿನನಿತ್ಯದ ದಾರಿಗಾಗಿಯೂ ಹೌದು.

ಕನ್ನಡ ವಿಭಾಗದ ಪತ್ರಿಕೆಗೂ ಬೀದಿದೀಪಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ನಮ್ಮ ಹಿರಿಯರು ಒಣ ಮಡಲಿನ ಸೂಟೆ ಹಿಡಿದು ಯಕ್ಷಗಾನ ನೋಡಲು ಹೋಗಿ, ಬೆಳಕು ಹರಿದ ಮೇಲೆ ಮರಳುತ್ತಿದ್ದರು. ಇರುಳಿನಲ್ಲಿ ನಡೆಯಬಲ್ಲವರಿಗೆ ಮಾತ್ರ ಇರುಳಿನ ಕಲೆ ದಕ್ಕುತ್ತಿತ್ತು. ಇಂದು ಅಭ್ಯಾಸಕ್ಕೆ ಉಳಿಯಲೋ ಬೇಡವೋ ಎಂದು ವಿದ್ಯಾರ್ಥಿನಿ ನಿರ್ಧರಿಸುವುದು ಆ ತಿರುವಿನ ಕತ್ತಲೆಯನ್ನು ನೆನೆದು. ನಮ್ಮ ಹಾಜರಿ ಪುಸ್ತಕದಲ್ಲಿ ಮಳೆಗಾಲದ ಸಂಜೆಗಳು ಖಾಲಿಯಾಗುತ್ತಿವೆ. ಮುಂದಿನ ಪರೀಕ್ಷೆಗೆ ನಗರಸಭೆ ಒಪ್ಪಿದರೆ, ದಿನವೂ ಸಂಜೆ ಯಾವ ದೀಪ ಹೊತ್ತಿತು, ಯಾವುದು ಹೊತ್ತಲಿಲ್ಲ ಎಂದು ಬರೆದಿಡುವ ಕೆಲಸವನ್ನು ನಮ್ಮ ವಿಭಾಗವೇ ವಹಿಸಿಕೊಳ್ಳಲಿ. ಅದಕ್ಕೆ ಬೇಕಾದುದು ಒಂದು ನೋಟುಪುಸ್ತಕ, ಒಂದು ಕೊಡೆ, ದಿನ ತಪ್ಪಿಸದ ನಡಿಗೆ.