ಗಾಳಿಗೆ ಪೆಟ್ರೋಲು ಬೆರೆಸುವ ಎರಡು ಬಗೆ

ಅಮೆರಿಕದ ಕ್ಯಾಲಿಫೋರ್ನಿಯ ಮತ್ತು ನೆವಾಡ ರಾಜ್ಯಗಳ ಗಡಿಯಲ್ಲಿ ಟಾಹೋ ಎಂಬ ಸರೋವರವಿದೆ. ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿರುವ ಇದರ ಆಳ 501 ಮೀಟರ್. ತಿಳಿನೀರಿಗೆ ಹೆಸರಾದ ಈ ಸರೋವರದಲ್ಲಿ ಬೇಸಿಗೆ ಬಂತೆಂದರೆ ವೇಗದ ಮೋಟಾರು ದೋಣಿಗಳ ಭರಾಟೆ. 1999ರ ಜೂನ್ 1ರಂದು ಅಲ್ಲಿ ಒಂದು ನಿಯಮ ಜಾರಿಗೆ ಬಂತು. ಸಣ್ಣಪುಟ್ಟ ವಿನಾಯಿತಿಗಳನ್ನು ಬಿಟ್ಟರೆ, ಕಾರ್ಬ್ಯುರೇಟರ್ ಉಳ್ಳ ಟೂ-ಸ್ಟ್ರೋಕ್ ಎಂಜಿನ್ನಿನ ದೋಣಿಗಳು ಇನ್ನು ಆ ನೀರಿಗೆ ಇಳಿಯುವಂತಿರಲಿಲ್ಲ. ಟೂ-ಸ್ಟ್ರೋಕ್ ಎಂಜಿನ್ನುಗಳನ್ನೆಲ್ಲ ನಿಷೇಧಿಸಲಿಲ್ಲ, ಕಾರ್ಬ್ಯುರೇಟರುಗಳನ್ನೆಲ್ಲ ನಿಷೇಧಿಸಲಿಲ್ಲ. ಎರಡೂ ಜೊತೆಯಾಗಿರುವುದನ್ನು ಮಾತ್ರ ತಡೆಯಲಾಯಿತು. ಹೀಗೇಕೆ?

ಉತ್ತರ ಎಂಜಿನ್ನಿನ ಊಟದಲ್ಲಿದೆ. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲು ಹೆಚ್ಚಾದರೆ ಕಪ್ಪು ಹೊಗೆ, ದುಂದು. ಕಡಿಮೆಯಾದರೆ ಎಂಜಿನ್ನಿನ ಬಲ ಕುಂದುತ್ತದೆ, ಬಿಸಿ ಏರುತ್ತದೆ. ಈ ಹದವನ್ನು ಕಾಯುವ ಕೆಲಸ ಒಂದು ಕಾಲದಲ್ಲಿ ಕಾರ್ಬ್ಯುರೇಟರಿನದು.

ಅದು ಹೇಗೆ ಕೆಲಸ ಮಾಡುತ್ತದೆಂದು ಮನೆಯಲ್ಲಿಯೇ ನೋಡಬಹುದು. ತಂಪುಪಾನೀಯದ ನಳಿಕೆಯೊಂದನ್ನು ಎರಡು ತುಂಡು ಮಾಡಿ. ಒಂದನ್ನು ನೀರು ತುಂಬಿದ ಲೋಟದಲ್ಲಿ ನೆಟ್ಟಗೆ ಹಿಡಿಯಿರಿ. ಅದರ ತುದಿ ನೀರಿನಿಂದ ತುಸುವೇ ಮೇಲಿರಲಿ. ಇನ್ನೊಂದು ತುಂಡಿನಿಂದ ಆ ತುದಿಗೆ ಅಡ್ಡಲಾಗಿ ಜೋರಾಗಿ ಊದಿ. ನೀರು ನಳಿಕೆಯೊಳಗೆ ಏರಿ ತುಂತುರಾಗಿ ಹಾರುತ್ತದೆ. ಕಾರ್ಬ್ಯುರೇಟರಿನಲ್ಲೂ ಹೀಗೆಯೇ. ಗಾಳಿಯ ದಾರಿಯನ್ನು ಒಂದೆಡೆ ಕಿರಿದು ಮಾಡಿರುತ್ತಾರೆ. ಅದಕ್ಕೆ ವೆಂಚುರಿ ಎಂದು ಹೆಸರು. ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಪಕ್ಕದ ಪುಟ್ಟ ಬಟ್ಟಲಿನಲ್ಲಿರುವ ಪೆಟ್ರೋಲು ಜೆಟ್ ಎಂಬ ಸಣ್ಣ ರಂಧ್ರದ ಮೂಲಕ ಗಾಳಿಗೆ ಸೇರುತ್ತದೆ. ವಿದ್ಯುತ್ತು ಬೇಡ, ಗಣಕ ಬೇಡ.

ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ತೊಂದರೆ ಇಲ್ಲಿಂದಲೇ ಶುರು. ಅದರಲ್ಲಿ ಸುಟ್ಟ ಅನಿಲವನ್ನು ಹೊರಗೆ ತಳ್ಳುವ ಕೆಲಸ ಒಳಬರುವ ಹೊಸ ಮಿಶ್ರಣದ್ದೇ. ಹೊರದಾರಿ ಇನ್ನೂ ತೆರೆದಿರುವಾಗಲೇ ಮಿಶ್ರಣ ನುಗ್ಗುವುದರಿಂದ, ಅದರ ಒಂದಂಶ ಉರಿಯದೆಯೇ ಆಚೆ ಹೋಗುತ್ತದೆ. ಹಳೆಯ ಟೂ-ಸ್ಟ್ರೋಕ್ ದೋಣಿ ಎಂಜಿನ್ನುಗಳಲ್ಲಿ ಹೀಗೆ ಪೋಲಾಗುವ ಇಂಧನ ಶೇಕಡಾ 25ರಿಂದ 30ರವರೆಗೂ ಇತ್ತು. ದೋಣಿಯ ಹಿಂಬದಿಗೆ ತೂಗುಹಾಕುವ ಎಂಜಿನ್ನುಗಳಲ್ಲಿ ಹೊಗೆ ಹೊರಬೀಳುವುದು ನೀರಿನೊಳಕ್ಕೆ. ಅಂದರೆ ನಾಲ್ಕು ಲೀಟರ್ ತುಂಬಿಸಿದರೆ ಒಂದು ಲೀಟರಿನಷ್ಟು ಉರಿಯದೆ ಸರೋವರದ ಪಾಲು!

ಇಂಜೆಕ್ಷನ್ ಪದ್ಧತಿಯಲ್ಲಿ ಪೆಟ್ರೋಲನ್ನು ಗಾಳಿ ಸೆಳೆದುಕೊಳ್ಳುವುದಿಲ್ಲ. ಪಂಪು ಒತ್ತಡ ಕೊಟ್ಟು ಸೂಕ್ಷ್ಮ ಮೂತಿಯೊಂದರಿಂದ ಚಿಮ್ಮಿಸುತ್ತದೆ. ಮೂತಿ ಎಷ್ಟು ಮಿಲಿಸೆಕೆಂಡು ತೆರೆದಿರಬೇಕೆಂದು ಪುಟ್ಟ ಗಣಕವೊಂದು ತೀರ್ಮಾನಿಸುತ್ತದೆ. ಗಾಳಿಯ ಒತ್ತಡ, ಉಷ್ಣತೆ, ಎಂಜಿನ್ನಿನ ವೇಗ ಇವನ್ನು ಅಳೆಯುವ ಸಂವೇದಕಗಳು ಅದಕ್ಕೆ ಸುದ್ದಿ ಒದಗಿಸುತ್ತವೆ. ನೇರ ಇಂಜೆಕ್ಷನ್ನಿನ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಸುಟ್ಟ ಅನಿಲವನ್ನು ಬರಿಯ ಗಾಳಿ ತಳ್ಳುತ್ತದೆ. ಪೆಟ್ರೋಲು ಬಹುಪಾಲು ಆಮೇಲೆಯೇ ಸಿಲಿಂಡರಿಗೆ ಬರುತ್ತದೆ. ಪೋಲಾಗಲು ಅದಕ್ಕೆ ಅವಕಾಶವೇ ಕಡಿಮೆ. ಟಾಹೋ ನಿಯಮದ ಮರ್ಮ ಇದು.

ಹಾಗಾದರೆ ಫೋರ್-ಸ್ಟ್ರೋಕ್ ಎಂಜಿನ್ನಿನ ಮಾತೇನು? ಅಮೆರಿಕದ ವೇಗದ ದೋಣಿಗಳಲ್ಲಿ ಎಂಟು ಸಿಲಿಂಡರಿನ ದೊಡ್ಡ ಎಂಜಿನ್ನುಗಳಿರುತ್ತವೆ. ಅವುಗಳ ಮಾಲೀಕರಲ್ಲಿ ಕಾರ್ಬ್ಯುರೇಟರಿನ ಅಭಿಮಾನಿಗಳು ಈಗಲೂ ಇದ್ದಾರೆ. ಅವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಬೆಲೆ ಕಡಿಮೆ, ಸ್ಕ್ರೂಡ್ರೈವರ್ ಮತ್ತು ಒಂದೆರಡು ಜೆಟ್ಟುಗಳಿದ್ದರೆ ರಿಪೇರಿ ಕೈಯಳತೆಯಲ್ಲಿದೆ. ಮೇಲಾಗಿ, ದಾರಿಯಲ್ಲಿ ಆವಿಯಾಗುವ ಪೆಟ್ರೋಲು ಗಾಳಿಯನ್ನು ತಂಪುಗೊಳಿಸುತ್ತದೆ. ತಂಪು ಗಾಳಿ ದಟ್ಟವಾದ್ದರಿಂದ ಸಿಲಿಂಡರಿನಲ್ಲಿ ಹೆಚ್ಚು ಹಿಡಿಸುತ್ತದೆ. ಪೂರ್ಣ ವೇಗದಲ್ಲಿ ಒಳ್ಳೆಯ ಕಾರ್ಬ್ಯುರೇಟರ್ ಇಂಜೆಕ್ಷನ್ನಿಗೆ ಸರಿಸಾಟಿಯಾಗಿ ನಿಲ್ಲಬಲ್ಲುದು.

ಆದರೆ ದೋಣಿ ಸದಾ ಪೂರ್ಣ ವೇಗದಲ್ಲೇ ಓಡುವುದಿಲ್ಲ. ಅಲೆಯ ಮೇಲೆ ದೋಣಿ ಕುಪ್ಪಳಿಸಿದಾಗ ಬಟ್ಟಲಿನ ಪೆಟ್ರೋಲು ತುಳುಕಿ ಹದ ಕೆಡುತ್ತದೆ. ಇನ್ನು ಎತ್ತರದ ಪ್ರಶ್ನೆ. ಟಾಹೋ ಮೇಲಿನ ಗಾಳಿ ಕಡಲ ತಡಿಯ ಗಾಳಿಗಿಂತ ಸುಮಾರು ಆರನೇ ಒಂದು ಪಾಲು ತೆಳು. ಕಡಲಿಗೆ ಹೊಂದಿಸಿದ ಕಾರ್ಬ್ಯುರೇಟರ್ ಅಲ್ಲಿ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲು ಉಣಿಸುತ್ತದೆ. ಜೆಟ್ ಬದಲಿಸಬೇಕು. ಹಾಗೆ ಸಣ್ಣ ಜೆಟ್ ಹಾಕಿದವರು ಮತ್ತೆ ಕಡಲಿಗೆ ಇಳಿದಾಗ ಅದನ್ನು ಮರೆತರೆ ಅಪಾಯ. ಬಯಲಿನಲ್ಲಿ ಕಾರು ಆರಾಮವಾಗಿ ಉರುಳಬಲ್ಲುದು. ದೋಣಿಯಾದರೋ ಎಡೆಬಿಡದೆ ನೀರನ್ನು ಸೀಳಬೇಕು, ಘಟ್ಟ ಏರುತ್ತಲೇ ಇರುವ ಲಾರಿಯಂತೆ. ಅಂಥ ಹೊರೆಯಲ್ಲಿ ಪೆಟ್ರೋಲು ಕಡಿಮೆಯಾದರೆ ಪಿಸ್ಟನ್ ಕರಗಿಹೋದೀತು. ಇಂಜೆಕ್ಷನ್ ಎಂಜಿನ್ನಿನ ಗಣಕ ಈ ಹೊಂದಾಣಿಕೆಯನ್ನು ತಾನೇ ಮಾಡಿಕೊಳ್ಳುತ್ತದೆ. ಒಂದು ಮಾತು ನೆನಪಿರಲಿ: ತೆಳುಗಾಳಿಯಿಂದ ಕಳೆದುಹೋದ ಬಲವನ್ನು ಅದು ಮರಳಿ ತರಲಾರದು. ಇಲ್ಲದ ಆಮ್ಲಜನಕವನ್ನು ಯಾವ ಗಣಕ ತಂದುಕೊಡುತ್ತದೆ?

ಇಂಜೆಕ್ಷನ್ನಿಗೂ ತನ್ನದೇ ದೌರ್ಬಲ್ಯಗಳಿವೆ. ಬ್ಯಾಟರಿ ಸತ್ತರೆ ಅದೂ ಸತ್ತಂತೆ. ಪೆಟ್ರೋಲಿನಲ್ಲಿ ನೀರು ಸೇರಿದರೆ ಸೂಕ್ಷ್ಮ ಮೂತಿಗಳು ಹಾಳಾಗುತ್ತವೆ. ನಡುನೀರಿನಲ್ಲಿ ಕೆಟ್ಟರೆ ಸ್ಕ್ರೂಡ್ರೈವರ್ ಒಂದರಿಂದ ದಡ ಸೇರುವುದು ಕಷ್ಟ. ಕಾರ್ಬ್ಯುರೇಟರ್ ದೋಣಿಯನ್ನು ಚಳಿಗಾಲವಿಡೀ ನಿಲ್ಲಿಸಿಟ್ಟರೆ, ಬಟ್ಟಲಿನ ಪೆಟ್ರೋಲು ಆವಿಯಾಗಿ ಉಳಿದ ಅಂಟು ಜೆಟ್ಟನ್ನು ಮುಚ್ಚುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಪ್ರಾಣದ ಮಾತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಾರಿನಿಂದ ಸೋರಿದ ಆವಿ ರಸ್ತೆಗೆ ಇಳಿದು ಚದುರಿಹೋಗುತ್ತದೆ. ದೋಣಿಯಲ್ಲಿ ಅದು ತಳದಲ್ಲೇ ಮಡುಗಟ್ಟಿ ನಿಲ್ಲುತ್ತದೆ, ಒಂದು ಕಿಡಿಗಾಗಿ ಕಾಯುತ್ತ. ಆದ್ದರಿಂದ ದೋಣಿಯ ಕಾರ್ಬ್ಯುರೇಟರಿನಲ್ಲಿ ಉಕ್ಕಿದ ಪೆಟ್ರೋಲು ಹೊರಗೆ ಚೆಲ್ಲದೆ ಎಂಜಿನ್ನಿನೊಳಕ್ಕೇ ಹೋಗುವ ಏರ್ಪಾಡಿರುತ್ತದೆ. ಗಾಳಿ ಒಳಬರುವ ಬಾಯಿಗೆ ಜ್ವಾಲೆ ತಡೆಯುವ ಜಾಲರಿ ಇರುತ್ತದೆ. ಎಂಜಿನ್ ಚಾಲೂ ಮಾಡುವ ಮುನ್ನ ಕನಿಷ್ಠ ನಾಲ್ಕು ನಿಮಿಷ ಫ್ಯಾನು ಓಡಿಸಿ ಆವಿಯನ್ನು ಹೊರಹಾಕಬೇಕೆಂಬುದು ಅಲ್ಲಿನ ರೂಢಿ. ಅಗ್ಗವೆಂದು ಕಾರಿನ ಕಾರ್ಬ್ಯುರೇಟರನ್ನೇ ದೋಣಿಗೆ ಹಾಕುವುದು ಉಳಿತಾಯವಲ್ಲ, ಆತ್ಮಘಾತ.

2010ರಿಂದ ಅಮೆರಿಕದಲ್ಲಿ ದೋಣಿಯೊಳಗಿನ ಹೊಸ ಪೆಟ್ರೋಲ್ ಎಂಜಿನ್ನುಗಳ ಹೊಗೆಗೆ ಬಿಗಿ ಮಿತಿ ಬಂತು. ಆ ಮಿತಿಯೊಳಗಿರಲು ಹೊಗೆನಳಿಕೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಬೇಕಾಯಿತು. ಅದು ಸರಿಯಾಗಿ ಕೆಲಸ ಮಾಡಲು 14.7ರ ಹದ ಚೂರೂ ತಪ್ಪಬಾರದು. ಅಷ್ಟು ನಿಖರತೆ ಇಂಜೆಕ್ಷನ್ನಿಗೆ ಮಾತ್ರ ಸಾಧ್ಯ. 373 ಕಿಲೋವಾಟಿಗಿಂತ ಬಲವಾದ ಎಂಜಿನ್ನುಗಳಿಗೆ ನಿಯಮ ತುಸು ಸಡಿಲ. ಹಾಗಾಗಿ ಇಂದು ಆಯ್ಕೆಯ ಪ್ರಶ್ನೆ ಉಳಿದಿರುವುದು ಮುಖ್ಯವಾಗಿ ಹಳೆಯ ದೋಣಿ ಇಟ್ಟುಕೊಂಡವರಿಗೆ ಮತ್ತು ಪಂದ್ಯದವರಿಗೆ. ಒಂದೇ ಎತ್ತರದಲ್ಲಿ, ಒಂದೇ ವೇಗದಲ್ಲಿ ಓಡಿಸುವ, ತಾವೇ ಕೈ ಕೊಳೆ ಮಾಡಿಕೊಳ್ಳುವ ಪಂದ್ಯದವರಿಗೆ ಕಾರ್ಬ್ಯುರೇಟರ್ ಸಾಕು. ಹೆಂಡತಿ ಮಕ್ಕಳೊಂದಿಗೆ ಬೇರೆ ಬೇರೆ ನೀರಿಗೆ ಹೋಗುವವರಿಗೆ ಇಂಜೆಕ್ಷನ್ನೇ ಲೇಸು.

ನಮ್ಮಲ್ಲಿ ಇದೇ ಬದಲಾವಣೆ ರಸ್ತೆಯ ಮೇಲೆ ನಡೆಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದಾಗ ಬಹುತೇಕ ಹೊಸ ಸ್ಕೂಟರು, ಬೈಕುಗಳಿಂದ ಕಾರ್ಬ್ಯುರೇಟರ್ ಮರೆಯಾಯಿತು. ಚಳಿಯ ಮುಂಜಾನೆ ಚೋಕ್ ಎಳೆಯುವ ಕೆಲಸವೂ ತಪ್ಪಿತು. ಮನೆಯಲ್ಲಿ ಹಳೆಯ ಸ್ಕೂಟರೊಂದು ಇದ್ದರೆ, ಮೆಕ್ಯಾನಿಕ್ ಅದರ ಕಾರ್ಬ್ಯುರೇಟರ್ ಬಿಚ್ಚಿದಾಗ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿ ತೋರಿಸಿ. ಪಠ್ಯಪುಸ್ತಕದ ಬರ್ನೌಲಿ ತತ್ವ ಅಲ್ಲಿ ಅಂಗೈ ಮೇಲೆ ಕಾಣುತ್ತದೆ.