ನಿಕಾಹ್ ಆಯಿತು, ಪುರಾವೆ ಎಲ್ಲಿದೆ?

ಮುಸ್ಲಿಂ ದಂಪತಿಗೆ ವಕ್ಫ್ ಮಂಡಳಿಯೇ ವಿವಾಹ ಪ್ರಮಾಣಪತ್ರ ಕೊಡಬಹುದು ಎಂದು ರಾಜ್ಯ ಸರ್ಕಾರ 2023ರಲ್ಲಿ ಆದೇಶಿಸಿತ್ತು. 2024ರ ನವೆಂಬರ್‌ನಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. 1995ರ ವಕ್ಫ್ ಕಾಯ್ದೆಯಲ್ಲಿ ಅಂಥ ಅಧಿಕಾರವೇ ಇಲ್ಲ ಎಂಬುದು ನ್ಯಾಯಾಲಯ ಗಮನಿಸಿದ ಅಂಶ. ಇದನ್ನು ಧರ್ಮದ ಜಗಳವಾಗಿ ನೋಡುವುದು ಸುಲಭ. ನನಗೆ ಕಂಡದ್ದು ಕಾಗದದ ಪ್ರಶ್ನೆ.

ಇಸ್ಲಾಮಿಕ್ ಕಾನೂನಿನಲ್ಲಿ ನಿಕಾಹ್ ಒಂದು ಒಪ್ಪಂದ. ಪ್ರಸ್ತಾಪ, ಒಪ್ಪಿಗೆ, ಸಾಕ್ಷಿಗಳಿದ್ದರೆ ಮದುವೆ ಸಿಂಧು. ವಧುವಿಗೆ ಮೆಹರ್ ಸಲ್ಲಬೇಕು. ಬರಹ ಕಡ್ಡಾಯವಲ್ಲ. 1880ರ ಖಾಜಿಗಳ ಕಾಯ್ದೆ ಪ್ರಕಾರ ಖಾಜಿಯ ಹಾಜರಿಯೂ ಕಡ್ಡಾಯವಲ್ಲ. ಆದರೂ ನಿಕಾಹ್‌ನಾಮಾ ಬರೆಯುವುದು ರೂಢಿ. ಸಾಲ ಕೊಟ್ಟರೆ ಬರೆದಿಡಿ ಎನ್ನುತ್ತದೆ ಕುರ್‌ಆನ್. ಬಾಕಿ ಉಳಿದ ಮೆಹರ್ ಕೂಡ ಗಂಡನ ಮೇಲಿನ ಸಾಲವೇ ತಾನೆ?

ಮದುವೆ ಸಿಂಧುವಾಗಿರುವುದು ಬೇರೆ, ಅದನ್ನು ಸಾಬೀತುಪಡಿಸುವುದು ಬೇರೆ. ಸಂಸಾರ ಚೆನ್ನಾಗಿರುವಾಗ ಯಾರೂ ಕಾಗದ ಕೇಳುವುದಿಲ್ಲ. ಗಂಡ ತೀರಿಕೊಂಡಾಗ, ಬಿಟ್ಟುಹೋದಾಗ, ಗಲ್ಫ್‌ಗೆ ಹೆಂಡತಿಯನ್ನು ಕರೆಸಿಕೊಳ್ಳುವಾಗ ಕೇಳುತ್ತಾರೆ. ಬೆಂಗಳೂರಿನ ಒಂದು ಪ್ರಕರಣದಲ್ಲಿ ಮೆಹರ್ ಇದ್ದದ್ದು 5,000 ರೂಪಾಯಿ, ತಲಾಖ್ ಆದದ್ದು 1991ರಲ್ಲಿ. ನಿಕಾಹ್ ಒಪ್ಪಂದವಾದರೂ ತಲಾಖ್‌ನೊಂದಿಗೆ ಗಂಡನ ಹೊಣೆಯೆಲ್ಲ ಮುಗಿಯುವುದಿಲ್ಲ ಎಂದು ಹೈಕೋರ್ಟ್ 2021ರಲ್ಲಿ ಹೇಳಿತು. ಆದರೆ ಅಂಥ ಹಕ್ಕು ಕೇಳುವ ಹೆಣ್ಣುಮಗಳು ಮೊದಲು ಮದುವೆ ಆಗಿತ್ತೆಂದು ತೋರಿಸಬೇಕು. ಇದ್ದ ಒಂದೇ ರಿಜಿಸ್ಟರ್‌ಗೆ ಗೆದ್ದಲು ಹಿಡಿದಿದ್ದರೆ? ಬ್ಯಾಕಪ್ ಇಲ್ಲದ ಡೇಟಾವನ್ನು ನಮ್ಮ ಲ್ಯಾಬ್‌ನಲ್ಲಿ ಯಾರೂ ನಂಬುವುದಿಲ್ಲ.

ವಿಚಿತ್ರವೆಂದರೆ, ಎಲ್ಲ ಧರ್ಮದವರ ಮದುವೆ ನೋಂದಣಿಗೆ ನಮ್ಮಲ್ಲಿ 1976ರ ಕಾಯ್ದೆಯೇ ಇದೆ. ನೋಂದಣಿ ಮಾಡಿಸದಿದ್ದರೂ ಮದುವೆ ಅಸಿಂಧುವಾಗದು, ಆದ್ದರಿಂದ ಶರಿಯತ್‌ಗೆ ಧಕ್ಕೆಯ ಮಾತೂ ಬರುವುದಿಲ್ಲ. ಆದರೆ 2024ರಲ್ಲಿ ಕಾವೇರಿ 2.0 ತಂತ್ರಾಂಶದಲ್ಲಿ ಮನೆಯಿಂದಲೇ ನೋಂದಣಿ ಶುರುವಾದದ್ದು ಹಿಂದೂ ವಿವಾಹಗಳಿಗೆ. ಉಳಿದಂತೆ ದೊಡ್ಡಬೆಳವಂಗಲದವರು ಒಂದು ದಿನದ ಕೂಲಿ ಬಿಟ್ಟು ದೊಡ್ಡಬಳ್ಳಾಪುರದ ಉಪನೋಂದಣಾಧಿಕಾರಿ ಕಚೇರಿಗೆ ಹೋಗಬೇಕಿತ್ತು. ಅದಕ್ಕಿಂತ ವಕ್ಫ್ ಕಚೇರಿಯೇ ವಾಸಿ ಎಂದು ಜನರಿಗೆ ಅನ್ನಿಸಿದ್ದರೆ ತಪ್ಪೇನಿಲ್ಲ. ಆದರೆ ಕಾನೂನಿನ ಬಲವಿಲ್ಲದ ಪ್ರಮಾಣಪತ್ರ ಬೇಕಾದ ಹೊತ್ತಿಗೇ ಕೈಕೊಡುತ್ತದೆ.

ಹೊಸ ಅಧಿಕಾರಿ ಬೇಕಿಲ್ಲ. ಕಾವೇರಿಯಲ್ಲಿ ನಿಕಾಹ್‌ಗೂ ಒಂದು ಅರ್ಜಿ ನಮೂನೆ ಬರಲಿ. ಮೆಹರ್ ಎಷ್ಟು, ಕೊಟ್ಟದ್ದೆಷ್ಟು, ಬಾಕಿ ಎಷ್ಟು ಎಂಬ ಕಲಂ ಅದರಲ್ಲಿರಲಿ. ಅಲ್ಲಿಯವರೆಗೆ ಖಾಜಿಯವರು ನಿಕಾಹ್ ದಿನವೇ ವಧುವಿನ ಕೈಗೂ ಒಂದು ಪ್ರತಿ ಕೊಡಬಹುದು. ಗಂಡನ ಮನೆಯ ಬೀರುವಿನಲ್ಲಿರುವ ಪ್ರತಿ ಜಗಳದ ದಿನ ಅವಳಿಗೆ ಸಿಗುವುದಿಲ್ಲ.